ಮನೆಗೆ ನಾಲ್ಕು ಬಲ್ಬು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಇಂಡಿಗೆ ಕರೆಂಟು ಬಂದದ್ದು ನಾನು ಧಾರವಾಡದಲ್ಲಿ ಬಿ.ಎ. ಎರಡನೆಯ ವರ್ಷದಲ್ಲಿದ್ದಾಗಲೋ ಮೂರನೆಯ ವರ್ಷದಲ್ಲಿದ್ದಾಗಲೋ, ಖಾತ್ರಿಯಿಲ್ಲ. ಆಗಿನ ದಿನಚರಿ ನನ್ನ ಹತ್ತಿರ ಇದೆ. ಆದರೆ ಆ ವಯಸ್ಸಿನಲ್ಲಿ ನಾನು ನಡೆದದ್ದಕ್ಕಿಂತ ನಡೆಯಬೇಕಾಗಿದ್ದದ್ದನ್ನೇ ಹೆಚ್ಚಾಗಿ ಬರೆಯುತ್ತಿದ್ದೆ. ಕಾಕಾನ ಟೋಪಿ ಒಂದು ಪುಟದಲ್ಲಿ ಕರಿಯದು, ಮೂರು ಪುಟ ದಾಟಿದರೆ ಬಿಳಿಯದು. ಎರಡು ಟೋಪಿ ಇಟ್ಟುಕೊಳ್ಳುವಷ್ಟು ಅನುಕೂಲ ಅವನಿಗಿರಲಿಲ್ಲ.

ಒಂದು ಸಂಗತಿಯನ್ನು ಮಾತ್ರ ನೆನಪಿಗೆ ಬಿಡಬೇಕಾಗಿಲ್ಲ, ಅದು ಈಗ ನನ್ನ ಮುಂದೆಯೇ ಇದೆ. ಹಳದಿಗಟ್ಟಿದ ಒಂದು ಹಾಳೆ. ಅದರಲ್ಲಿ 'ಮನೆಗೆ ೧' ಎಂದು ನನ್ನ ಕೈಯಿಂದ ಬರೆದದ್ದು ಕಾಣುತ್ತದೆ. ಆ ಒಂದರ ಮೇಲೆ ಯಾರೋ ಗೀರು ಹಾಕಿ ಪಕ್ಕದಲ್ಲಿ ೪ ಎಂದು ಬರೆದಿದ್ದಾರೆ. ಒಂದೇ ಒಂದು ಅಂಕಿ. ಅಷ್ಟರಿಂದ ಅದು ಯಾರ ಕೈ ಎಂದು ಹೇಳಲು ಬರುವುದಿಲ್ಲ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ತಂದೆ ಹೋದ ಮೇಲೆ ನಾನು ಬೆಳೆದದ್ದು ಅವನ ಮನೆಯಲ್ಲಿ. ಹೆಣ್ಣುಹುಡುಗಿಯನ್ನು ಧಾರವಾಡಕ್ಕೆ ಕಳಿಸಬೇಕೆಂದು ಊರೆಲ್ಲ ನಕ್ಕರೂ ಹಟ ಹಿಡಿದವನು ಅವನೇ. ಜಿಲ್ಲಾ ಬೋರ್ಡಿನ ಸಾಲೆಯಲ್ಲಿ ಮಾಸ್ತರನಾಗಿದ್ದ; ಗಣಿತ ಕಲಿಸುತ್ತಿದ್ದ. ಅವನ ಹೆಂಡತಿ, ನನ್ನ ಕಾಕು, ಮದುವೆಯಾದ ಒಂಬತ್ತು ವರ್ಷಗಳಲ್ಲಿ ಐದು ಊರಿನ ನೀರು ಕುಡಿದಿದ್ದಳು. ಸಿಂದಗಿ ತಾಲೂಕಿನಲ್ಲಿ ಎರಡು ಹಳ್ಳಿ, ಮುದ್ದೇಬಿಹಾಳದ ಕಡೆ ಒಂದು, ಆಮೇಲೆ ಬಾಗೇವಾಡಿ ತಾಲೂಕಿನ ಗೊಳಸಂಗಿ, ಕೊನೆಗೆ ಇಂಡಿ. ವರ್ಗದ ಹುಕುಂ ಬಂದಾಗಲೆಲ್ಲ ಆಕೆ ತನ್ನ ತವರಿನ ಟ್ರಂಕಿಗೆ ಹಗ್ಗ ಬಿಗಿಯಬೇಕು. ಇಂಡಿಗೆ ಬಂದ ಮೇಲೆ ಹಗ್ಗ ಬಿಚ್ಚುವುದನ್ನೇ ಬಿಟ್ಟಿದ್ದಳು. ಅದನ್ನು ಸ್ವಲ್ಪ ಸಡಿಲಿಸಿ, ಮುಚ್ಚಳ ಅರ್ಧ ಎತ್ತಿ, ಕೈ ತೂರಿಸಿ ಸೀರೆ ಎಳೆದುಕೊಳ್ಳುತ್ತಿದ್ದಳು.

ಆ ಬೇಸಿಗೆಯ ರಜೆಗೆ ನಾನು ಊರಿಗೆ ಬಂದಾಗ ಬೀದಿಯಲ್ಲಿ ಲೈಟಿನ ಕಂಬಗಳು ಮಲಗಿದ್ದವು. ದೀಪಾವಳಿಯ ಹೊತ್ತಿಗೆ ಕರೆಂಟು ಬರುತ್ತದೆ ಎಂದು ಸುದ್ದಿ. ಯಾವ ದೀಪಾವಳಿ ಎಂದು ಯಾರೂ ಹೇಳಿರಲಿಲ್ಲ. ಮಲಗಿದ ಕಂಬಗಳ ಮೇಲೆ ಕೂತು ಗಂಡಸರು ತಂಬಾಕು ತಿಕ್ಕುತ್ತಿದ್ದರು. ಕಾಕಾ ಮಾತ್ರ ಆ ಕಂಬಗಳನ್ನು ಎಣಿಸುತ್ತಿದ್ದ.

"ಮಾಸ್ತರಕಿ ಬಿಡತೇನಿ. ಬಲ್ಬಿನ ಅಂಗಡಿ ಹಾಕತೇನಿ" ಎಂದು ಒಂದು ಮುಂಜಾನೆ ರೊಟ್ಟಿ ಮುರಿಯುತ್ತ ಹೇಳಿದ.

ಕಾಕು ಹಂಚಿನ ಮೇಲಿನ ರೊಟ್ಟಿ ತಿರುವಿಹಾಕಿ ಕೇಳಿದಳು. "ಪಗಾರ ಯಾರು ಕೊಡತಾರು? ಕಂಬ ಕೊಡತಾವೇನ್ರಿ?"

"ಊರಿಗೆ ಊರ ಬಲ್ಬು ತಗೋತೈತಿ. ನಾ ಒಬ್ಬನ ಅಂಗಡಿಯಾಂವ. ಲೆಕ್ಕ ಹಾಕು."

"ನಾ ಮೂರನೇತ್ತಿ ಕಲತಾಕಿ. ಲೆಕ್ಕ ನೀವು ಹಾಕ್ರಿ. ವರ್ಷಕ್ಕ ಎಷ್ಟು ಮಾರತಾವು ಅನ್ನೂದನ್ನ ಹಾಳ್ಯಾಗ ಬರದು ನನ್ನ ಮುಂದ ಇಡ್ರಿ. ನನ್ನ ತಲಿಗೆ ಹತ್ತಿದ್ರ ಹ್ಞೂ ಅಂತೇನಿ. ಇಲ್ಲಂದ್ರ ಮಾಸ್ತರಕಿ ಬಿಡೂ ಮಾತ ಬಿಡ್ರಿ."

ಹೀಗೆ ಒಂದು ನೌಕರಿ, ಅದರೊಂದಿಗೆ ಒಂದು ಮನೆ, ಒಂದು ಹಾಳೆಯ ಮೇಲೆ ನಿಂತಿತು. ಆ ಹಾಳೆ ಬರೆಯುವ ಕೆಲಸ ನನಗೆ ಬಂತು.

"ಪ್ರೊಫೆಸರ್ ಬಾಯಿ, ನೀ ಅರ್ಥಶಾಸ್ತ್ರ ಓದಾಕತ್ತೀಯಲ್ಲ? ಬೇಡಿಕಿ ಅಂದ್ರೇನು ಹೇಳು ನೋಡೂಣು" ಎಂದ ಕಾಕಾ.

ಬೇಡಿಕೆ ನಮಗೆ ಪಾಠವಾಗಿತ್ತು. ಕಾಲೇಜಿನ ಕರಿಹಲಗೆಯ ಮೇಲೆ ಅದು ಎಡಗಡೆ ಮೇಲಿಂದ ಬಲಗಡೆ ಕೆಳಕ್ಕೆ ಇಳಿಯುವ ಒಂದು ಗೆರೆ. ಬಯಕೆ ಬೇರೆ, ಬೇಡಿಕೆ ಬೇರೆ ಎಂದು ನಮ್ಮ ಪ್ರಾಧ್ಯಾಪಕರು ಹೇಳಿದ್ದರು. ಅದನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಪರೀಕ್ಷೆಯಲ್ಲಿ ಬರೆದದ್ದನ್ನು ಊರಿಗೆ ಬಂದು ನೆನಪಿಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. "ಮನೆಮನೆಗೆ ಹೋಗಿ ಕೇಳಬೇಕು ಕಾಕಾ" ಎಂದೆ. ಆ ಮಾತು ನನ್ನದೇ. ಇದನ್ನು ಮರೆತಿದ್ದರೆ ಚೆನ್ನಾಗಿತ್ತು. ದಿನಚರಿ ಮರೆಯಲು ಬಿಡುವುದಿಲ್ಲ.

ಹಗಲಲ್ಲಿ ಗಂಡಸರು ಹೊಲದಲ್ಲಿ, ಕಾಕಾ ಇನ್ನೂ ರಜೆ ಬಿದ್ದಿರದ ಸಾಲೆಯಲ್ಲಿ. ಆದ್ದರಿಂದ ಸಂಜೆ ಹೊರಡುತ್ತಿದ್ದೆವು. ಅವನ ಬಗಲಲ್ಲಿ ಹಾಜರಿ ಪುಸ್ತಕ, ನನ್ನ ಕೈಯಲ್ಲಿ ಫೌಂಟನ್ ಪೆನ್ನು. ನಾವು ಒಂದು ಮನೆಯ ಕಟ್ಟೆ ಹತ್ತುವುದಕ್ಕೂ ಒಳಗೆ ದೇವರ ಮುಂದೆ ದೀಪ ಹಚ್ಚುವುದಕ್ಕೂ ಸರಿಹೋಗುತ್ತಿತ್ತು. ಮನೆಯವರು ಕೈಮುಗಿದು ತಿರುಗಿದರೆ ಎದುರಿಗೆ ನಾವು.

"ಕರೆಂಟ್ ಬಂದ್ರ ಬಲ್ಬು ತಗೋತೀರೋ ಇಲ್ಲೋ?"

"ತಗೋತೇವ್ರಿ ಮಾಸ್ತರ, ತಗೋತೇವು. ಬೆಳಕಿಗಿಂತ ಬ್ಯಾರೆ ಏನ ಬೇಕು?"

"ಎಷ್ಟು?"

ಒಬ್ಬ ಅಜ್ಜಿ ಎರಡೂ ಕೈ ಅಗಲಿಸಿ, "ಮನಿ ತುಂಬ ಬೇಕಪ್ಪಾ" ಎಂದಳು. ಮನೆ ತುಂಬ ಎಂದರೆ ಎಷ್ಟು ಎಂಬ ಪ್ರಶ್ನೆ ಎದ್ದಿತು. ಅಡಿಗೆಮನೆ, ಪಡಸಾಲೆ, ದೇವರ ಕೋಣೆ, ಕಟ್ಟೆ ಎಂದು ಕಾಕಾ ಬೆರಳು ಮಡಿಚಿ ನಾಲ್ಕು ಎಂದು ತೀರ್ಮಾನಿಸಿದ. ಆಮೇಲೆ ಊರಿನ ಎಲ್ಲ ಮನೆಗೂ ಆ ಅಜ್ಜಿಯ ಕೈ ಅಳತೆಯೇ ಆಯಿತು.

ಒಂದೇ ಖೋಲಿಯಲ್ಲಿ ಹೆಂಡತಿ, ಮೂರು ಮಕ್ಕಳು, ಎರಡು ಎತ್ತು ಇಟ್ಟುಕೊಂಡಿದ್ದವನೂ "ನಾಕ ಬರಕೋರಿ" ಎಂದ.

"ನಿಂದು ಒಂದ ಖೋಲಿ ಐತಲ್ಲೋ" ಎಂದ ಕಾಕಾ. ಇಷ್ಟಾದರೂ ಕೇಳಿದ ಎಂಬುದನ್ನು ಅವನ ಪರವಾಗಿ ಹೇಳಬೇಕು.

"ಎತ್ತಿಗೊಂದೊಂದ್ರಿ. ಅವೂ ನಮ್ಮಂಗ ಜೀವ ಅಲ್ಲೇನು?" ಎಂದು ಆತ ನಕ್ಕ. ಅವನ ಮೂರೂ ಮಕ್ಕಳು ಕಾಕಾನ ಸಾಲೆಯಲ್ಲಿದ್ದರು, ಒಬ್ಬ ಎರಡು ಸಲ ನಪಾಸಾಗಿದ್ದ. ಮಾಸ್ತರು ಕಟ್ಟೆಯ ಮೇಲೆ ಕೂತು ಬೇಕೇನು ಎಂದರೆ ಬೇಡ ಎನ್ನುವ ತಂದೆ ಯಾರು? ಎಲ್ಲರೂ ಚಹಾ ಕೊಟ್ಟರು, ಚಹಾದ ಜೊತೆ ಬಲ್ಬಿನ ಸಂಖ್ಯೆಯನ್ನೂ ಕೊಟ್ಟರು. ನಾನು ನೀಟಾಗಿ ಬರೆದುಕೊಂಡೆ. ಒಂದು ಮನೆಯಲ್ಲಿ ಐದು ಎಂದರು. ಸಕ್ಕರೆ ಕಡಿಮೆಯಾಗಿದ್ದಕ್ಕೆ ಪರಿಹಾರ ಎಂದು ಈಗ ಅನಿಸುತ್ತದೆ.

ಇಂಡಿ ಒಂದೇ ಊರಾದರೆ ಸಾಲದು. ತಾಲೂಕುಗಳು ನಾಲ್ಕು, ನಾಲ್ಕೂ ಕಡೆ ಕಾಕಾ ಮಾಸ್ತರಕಿ ಮಾಡಿದ್ದ, ನಾಲ್ಕೂ ಕಡೆ ಅವನಿಗೆ ಜನರ ಗುಣ ಗೊತ್ತು. ಸಿಂದಗಿಯ ಸರ್ವೇ ಬಸ್ಸಿನಲ್ಲಿ ಕೂತೇ ನಡೆಯಿತು. ಪಕ್ಕದವನು ಸಿಂದಗಿಯವನು, ಅಷ್ಟು ಸಾಕಾಯಿತು. ಮುದ್ದೇಬಿಹಾಳದ ಸರ್ವೇ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ನಡೆಯಿತು. ಕಾಕಾ ವರನ ಕಡೆಯವನು, ಎದುರಿಗೆ ಕೂತವರು ಕನ್ಯೆಯ ಕಡೆಯವರು. ಅವರು ಬಲ್ಬನ್ನಷ್ಟೇ ಏಕೆ, ಕಂಬವನ್ನೂ ಒಪ್ಪಿಕೊಳ್ಳುತ್ತಿದ್ದರು. ಬಸವನ ಬಾಗೇವಾಡಿಗೆ ಹೋಗಲು ಆಗಲಿಲ್ಲ. "ಬಾಗೇವಾಡಿ ಮುದ್ದೇಬಿಹಾಳದಂಗ ಐತಿ, ತುಸು ಹೆಚ್ಚ ಹಿಡಿ" ಎಂದ.

ಇಂಡಿಯ ಹತ್ತಿರದ ಸಾಲೋಟಗಿಯನ್ನು ಅವನು ಪ್ರತ್ಯೇಕವಾಗಿ ಬರೆಸಿದ. ಅಲ್ಲಿಯ ಹಳೆಯ ಶಾಸನದಲ್ಲಿ ಓದುವ ಹುಡುಗರ ದೀಪಕ್ಕೆಂದು ಯಾರೋ ಭೂಮಿ ಬಿಟ್ಟದ್ದು ಕೆತ್ತಿದೆಯಂತೆ. "ಸಾವಿರ ವರ್ಷದ ಹಿಂದನ ದೀಪಕ್ಕ ಗಿರಾಕಿ ಆದ ಊರದು. ಕಲ್ಲಾಗ ಬರದದ್ದು ಸುಳ್ಳಾಗೂದಿಲ್ಲ" ಎಂದು ಆ ಊರಿಗೆ ಮನೆಗೆ ಐದರ ಲೆಕ್ಕ ಹಿಡಿದ. ಸಾಲೋಟಗಿಗೆ ಕಂಬ ಹೋಗುವ ಸುದ್ದಿಯೇ ಇರಲಿಲ್ಲ. ನಾನು ಹೇಳಿದೆನೇ? ಹೇಳಿದೆ ಎಂದು ನೆನಪು. ಆದರೆ ದಿನಚರಿಯಲ್ಲಿ ಇಲ್ಲ, ಮತ್ತು ನನ್ನ ಜಾಣತನದ ವಿಷಯದಲ್ಲಿ ದಿನಚರಿ ಸಾಮಾನ್ಯವಾಗಿ ಏನನ್ನೂ ಬಿಡುವುದಿಲ್ಲ.

ಸೊಲ್ಲಾಪುರದಲ್ಲಿದ್ದ ಒಬ್ಬ ಪರಿಚಯದವರು, ಬಲ್ಬು ಆರು ತಿಂಗಳಿಗೆ ಸುಡುತ್ತದೆ ಎಂದು ಕಾರ್ಡು ಬರೆದರು. ಹಾಗಾದರೆ ವರ್ಷಕ್ಕೆ ಎರಡು ಪಟ್ಟು. ಎಲ್ಲ ಕೂಡಿಸಿದಾಗ ಬಂದ ಮೊತ್ತವನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ. ಅಷ್ಟು ಬಲ್ಬು ಹತ್ತಿದ್ದರೆ ಇಂಡಿಯ ಬೆಳಕಿಗೆ ಸೊಲ್ಲಾಪುರದಲ್ಲಿ ಕೋಳಿ ಕೂಗಬೇಕಾಗಿತ್ತು.

ಹಾಳೆಯನ್ನು ಕಾಕುವಿನ ಮುಂದಿಡಲು ಒಂದು ದಿನ ಬಾಕಿ ಇತ್ತು. ಆ ದಿನ ನಮ್ಮ ಕಂದೀಲಿನ ಗಾಜು ಒಡೆಯಿತು. ಹೊಸದು ತರಲು ಬಜಾರಕ್ಕೆ ಹೋದೆ.

ಕಂದೀಲು, ಚಿಮಣಿ, ಅವುಗಳ ಗಾಜು ಮಾರುತ್ತಿದ್ದ ಮುದುಕರೊಬ್ಬರಿದ್ದರು. ಅವರ ಅಜ್ಜನ ಕಾಲದಿಂದಲೂ ಅದೇ ಅಂಗಡಿ. ಊರಿನ ಮಕ್ಕಳಿಗೆಲ್ಲ ಅವರು ಚಾಚಾ. ಕರೆಂಟು ಬಂದರೆ ಇವರ ಗತಿಯೇನು ಎಂದು ನನಗೆ ಮರುಕ ಬಂದಿತ್ತು. ಮರುಕದ ಜೊತೆಗೆ ಸ್ವಲ್ಪ ವಿದ್ಯೆಯ ಗರ್ವವೂ ಇದ್ದಿರಬೇಕು.

"ಚಾಚಾ, ಮುಂದಿನ ವರ್ಷಕ್ಕ ಎಷ್ಟು ಗಾಜು ತರಸಬೇಕು ಅನ್ನೂದು ನಿಮಗ ಹೆಂಗ ತಿಳೀತೈತ್ರಿ? ಮಂದೀನ ಕೇಳತೀರೇನು?"

"ಮಂದೀನ ಯಾಕ ಕೇಳಲೆವ್ವಾ? ತಿಪ್ಪೀನ ಕೇಳತೇನಿ."

"ತಿಪ್ಪೀನ?"

"ನಮಾಜ್ ಮುಗಿಸಿ ದಿನಾ ಊರ ಸುತ್ತ ಅಡ್ಡಾಡತೇನಿ. ಯಾವ ತಿಪ್ಪ್ಯಾಗ ಎಷ್ಟು ಗಾಜು ಒಡದು ಬಿದ್ದಾವು ನೋಡತೇನಿ. ಎಷ್ಟು ಒಡದಾವೋ ಅಷ್ಟು ತರಸತೇನಿ. ಬಾಯಾಗ ಊರೆಲ್ಲಾ ಗಿರಾಕಿನ. ತಿಪ್ಪಿ ಮಾತ್ರ ಯಾರ ಮೊಖಾನೂ ನೋಡೂದಿಲ್ಲ."

ನಮ್ಮ ಸರ್ವೇಯ ಮಾತು ಹೇಳಿದೆ. ಮನೆಗೆ ನಾಲ್ಕು ಎಂದಾಗ ಅವರು ಗಾಜು ಒರೆಸುತ್ತಿದ್ದ ಅರಿವೆಯನ್ನು ಕೆಳಗಿಟ್ಟರು.

"ನಿಮ್ಮ ಮನ್ಯಾಗ ಕಂದೀಲ ಎಷ್ಟವ್ವಾ?"

"ಒಂದು."

"ಅಡಿಗಿ ಆಗೂತನಕ ಅಡಿಗಿಮನ್ಯಾಗ, ಉಣ್ಣೂಮುಂದ ಪಡಸಾಲ್ಯಾಗ, ಆಮ್ಯಾಲ ನಿನ್ನ ಪುಸ್ತಕದ ಮುಂದ. ಹೌದಲ್ಲೋ? ನಮ್ಮ ಮಂದಿ ಬೆಳಕ ಎತ್ತಿಕೊಂಡು ಅಡ್ಡಾಡತಾರ ಬೇಟಿ, ಖೋಲಿಗೊಂದು ಕೂಡಸೂದಿಲ್ಲ. ಮಾಸ್ತರಗ ಹೇಳು. ನೌಕರಿ ಬಿಡಾಂವ ಅದಾನಂತಲ್ಲ?"

ಗಾಜಿನ ದುಡ್ಡಿನಲ್ಲಿ ಅವರು ಒಂದು ಪೈ ಕೂಡ ಬಿಡಲಿಲ್ಲ. ಬುದ್ಧಿ ಮಾತ್ರ ಪುಕ್ಕಟೆ ಕೊಟ್ಟರು.

ಮನೆಗೆ ಬಂದು ಹಳೆಯ ಹಾಳೆ ಬದಿಗಿಟ್ಟು ಹೊಸದು ತೆಗೆದುಕೊಂಡೆ. 'ಮನೆಗೆ ೧' ಎಂದು ಬರೆದೆ. ಕೂಡಿಸಲಿಲ್ಲ, ಆ ಮೊತ್ತಕ್ಕೆ ಅಂಗಡಿ ನಡೆಯುವುದಿಲ್ಲ ಎನ್ನಲು ಅರ್ಥಶಾಸ್ತ್ರ ಬೇಕಾಗಿರಲಿಲ್ಲ. ಕಾಕಾನಿಗೆ ಬಾಯಿಬಿಟ್ಟು ಹೇಳುವ ಧೈರ್ಯ ಬರಲಿಲ್ಲ. ಅವನು ಕಟ್ಟೆಯ ಮೇಲೆ ಕೂತು ಒಂದು ಹಲಗೆಗೆ ಬಿಳಿ ಬಣ್ಣ ಹಚ್ಚುತ್ತಿದ್ದ, ಅಂಗಡಿಯ ಬೋರ್ಡಿಗೆ. ಸಾಲೆಯ ಹಾಡೊಂದನ್ನು ಗುನುಗುತ್ತಿದ್ದ. ಹಾಳೆಯನ್ನು ಗೋಡೆಯ ಗೂಡಿನಲ್ಲಿಟ್ಟು ಅದರ ಮೇಲೆ ಅಳಿಸಿದರೂ ಹೋಗದ ಕಾಪಿಂಗ್ ಪೆನ್ಸಿಲ್ ಇಟ್ಟು ಮಲಗಿದೆ. ಅದು ಮೂವರ ಕೈಗೂ ಎಟಕುವ ಗೂಡು.

ದಿನಚರಿಯಲ್ಲಿ ಆ ತಾರೀಖಿಗೆ ಒಂದೇ ಸಾಲಿದೆ: 'ಕಾಕಾನ ಮುಖ ನೋಡಲಾಗಲಿಲ್ಲ.' ನೋಡಲಾಗಲಿಲ್ಲ ಎಂದು ಏನಾದರೂ ಮಾಡಿದೆನೇ ಎಂಬುದು ಇಲ್ಲ.

ಮರುದಿನ ಮುಂಜಾನೆ ಕಾಕು ಒಲೆಯ ಮುಂದೆ ಕೂತು ಹಾಳೆಯನ್ನು ಬೆರಳಿಟ್ಟು ಓದಿದಳು. ಒಂದೊಂದೇ ಅಕ್ಷರ ಕೂಡಿಸಿ ಓದುವುದು ಆಕೆಯ ಪದ್ಧತಿ.

"ಮನಿಗೆ... ನಾಕು."

ನಾನು ತಲೆಯೆತ್ತಿದೆ. ನಾನು ಬರೆದದ್ದು ಒಂದು. ಕಾಕಾನ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಅವನಿಗೆ ನಾಲ್ಕೇ ಗೊತ್ತು, ಒಂದರ ಸುದ್ದಿಯೇ ಇಲ್ಲ. ಅಥವಾ ಇತ್ತೇ? ನಾನು ಬಾಯಿ ತೆರೆಯಬೇಕಾಗಿತ್ತು. ತೆರೆಯಲಿಲ್ಲ. ಇದು ಮಾತ್ರ ನೂರಕ್ಕೆ ನೂರು ನೆನಪಿದೆ.

"ಯಾವ ಹೊತ್ತಿನ್ಯಾಗ ಹೋಗಿದ್ರಿ ಕೇಳಾಕ?" ಎಂದಳು ಕಾಕು.

"ಸಂಜಿಮುಂದ" ಎಂದ ಕಾಕಾ.

"ದೀಪ ಹಚ್ಚೂ ಹೊತ್ತಿಗೆ?"

"ಹ್ಞೂ, ಯಾಕ?"

"ದೀಪ ಹಚ್ಚೂ ಹೊತ್ತಿಗೆ ದೀಪ ಬ್ಯಾಡ ಅಂತ ಯಾರ ಬಾಯಾಗರ ಬರತೈತೇನ್ರಿ?"

ಒಲೆಯ ಮೇಲೆ ರೊಟ್ಟಿ ಸುಟ್ಟ ವಾಸನೆ ಬಂತು. ನಾವು ಆ ಸೀಮೆಯವರೇ, ಆ ಪದ್ಧತಿಯಲ್ಲೇ ಬೆಳೆದವರು. ದೀಪ ಹಚ್ಚುವ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ 'ಇಲ್ಲ', 'ಬ್ಯಾಡ' ಎಂಬ ಮಾತು ಆಡುವುದಿಲ್ಲ. ಉಪ್ಪು ತೀರಿದ್ದರೂ 'ಉಪ್ಪು ಹೆಚ್ಚಾಗೇತಿ' ಎನ್ನುತ್ತೇವೆ. ಅಂಥ ಹೊತ್ತಿನಲ್ಲಿ, ದೇವರ ದೀಪಕ್ಕೆ ಕೈಮುಗಿದು ತಿರುಗಿದವರ ಎದುರು ನಿಂತು, ಬೆಳಕು ಬೇಕೋ ಬೇಡವೋ ಎಂದು ಕೇಳಿದ್ದೆವು. ಒಬ್ಬ ಗಣಿತದ ಮಾಸ್ತರ, ಒಬ್ಬಳು ಅರ್ಥಶಾಸ್ತ್ರದ ವಿದ್ಯಾರ್ಥಿನಿ. ಮೂರನೆಯ ಇಯತ್ತೆಯವಳು ಒಂದೇ ಪ್ರಶ್ನೆಯಲ್ಲಿ ಸರ್ವೇಯನ್ನೆಲ್ಲ ಮುಗಿಸಿಬಿಟ್ಟಳು.

ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಮುಗಿಯಿತು, ನೌಕರಿ ಉಳಿಯಿತು ಎಂದುಕೊಂಡೆ. ನನಗೆ ಎಷ್ಟು ಸಮಾಧಾನವಾಯಿತು ಎಂದರೆ, ನಗು ಬಂತು.

ಕಾಕು ಹಾಳೆಯನ್ನು ನಾಲ್ಕು ಮಡಿಕೆ ಮಾಡಿದಳು.

"ಹ್ಞೂ. ತಲಿಗೆ ಹತ್ತಿತು. ಕೊಡ್ರಿ ರಾಜೀನಾಮಿ."

"ಏನಂದಿ?" ಎಂದ ಕಾಕಾ.

"ಕಿವಿ ಕೇಳೂದಿಲ್ಲೇನು? ಕೊಡ್ರಿ ಅಂದೆ."

ಆಮೇಲೆ ಒಳಗೆ ಹೋಗಿ, ಇನ್ನು ವರ್ಗದ ಹುಕುಂ ಬರುವುದಿಲ್ಲ ಎಂಬಂತೆ, ಟ್ರಂಕಿನ ಹಗ್ಗ ಬಿಚ್ಚತೊಡಗಿದಳು. ಗಂಟು ಎಷ್ಟು ಬಿಗಿದಿತ್ತೆಂದರೆ ಹಲ್ಲು ಹಚ್ಚಬೇಕಾಯಿತು.

ಕರೆಂಟು ಬಂತು. ಅಂಗಡಿ ತೆರೆಯಿತು. ಮೊದಲ ವಾರ ನೂಕುನುಗ್ಗಲು. ಕಾಕಾ ಗಿರಾಕಿಗಳನ್ನು ಸಾಲು ನಿಲ್ಲಿಸಿ, ಮಾತಾಡಿದವರನ್ನು ಹಿಂದಕ್ಕೆ ಕಳಿಸುತ್ತಿದ್ದ. ಎಲ್ಲರೂ ಒಂದೊಂದು ಬಲ್ಬು ಒಯ್ದರು. ಉಳಿದ ಮೂರು ಯಾವಾಗ ಎಂದು ಹಾಜರಿ ಪುಸ್ತಕ ನೋಡಿ ಕೇಳಿದರೆ, "ತಗೊಳ್ಳೂಣ್ರಿ, ಗಡಬಡಿ ಏನೈತಿ" ಎನ್ನುತ್ತಿದ್ದರು.

ಮುಂದಿನ ರಜೆಗೆ ಬಂದಾಗ ಊರಿನ ಮನೆಗಳ ಗೋಡೆಯಲ್ಲಿ ಹೊಸದೊಂದು ತೂತು ಕಂಡಿತು. ಅಡಿಗೆಮನೆಗೂ ಪಡಸಾಲೆಗೂ ನಡುವಿನ ಗೋಡೆಯನ್ನು ತಲೆಯೆತ್ತರಕ್ಕೆ ಕೊರೆದು, ಆ ತೂತಿನಲ್ಲಿ ಒಂದು ಬಲ್ಬು ಕೂಡಿಸಿದ್ದರು. ಅರ್ಧ ಬೆಳಕು ಇತ್ತ, ಅರ್ಧ ಅತ್ತ. ಇನ್ನು ಕೆಲವರು ಉದ್ದನೆಯ ವೈರು ಹಾಕಿಸಿಕೊಂಡು, ಬಲ್ಬನ್ನು ಕಂದೀಲಿನಂತೆ ಕೈಯಲ್ಲಿ ಹಿಡಿದು ಖೋಲಿಯಿಂದ ಖೋಲಿಗೆ ಒಯ್ಯುತ್ತಿದ್ದರು. ಎತ್ತಿಗೊಂದೊಂದು ಎಂದಿದ್ದವನು ರಾತ್ರಿ ಖೋಲಿಯ ಆ ಮೂಲೆಗೆ ವೈರು ಎಳೆದುಕೊಂಡು ಹೋಗಿ ಎತ್ತುಗಳ ಮುಖ ನೋಡಿ ಬರುತ್ತಿದ್ದ. ಮಾತಿಗೆ ತಪ್ಪಿದನೆಂದು ಹೇಳಲಾಗದು.

ಆರು ತಿಂಗಳಿಗೆ ಬಲ್ಬು ಸುಡುತ್ತದೆ ಎಂಬ ಸೊಲ್ಲಾಪುರದ ಲೆಕ್ಕವೂ ಇಂಡಿಗೆ ಹೊಂದಲಿಲ್ಲ. ನಮ್ಮ ಊರಿಗೆ ಬಂದು ಮುಟ್ಟುವಷ್ಟರಲ್ಲಿ ಕರೆಂಟು ದಣಿದಿರುತ್ತಿತ್ತು. ಬಲ್ಬಿನೊಳಗಿನ ತಂತಿ ಬೀಡಿಯ ತುದಿಯಂತೆ ಕೆಂಪಗೆ ಕೂತಿರುತ್ತಿತ್ತು. ಅಷ್ಟು ಸುಖದಲ್ಲಿದ್ದ ಬಲ್ಬು ಏಕೆ ಸುಡಬೇಕು? ವರ್ಷಗಟ್ಟಲೆ ಬಾಳಿದವು. ನಾನು ಅಂಗಡಿಯ ಮುಂದೆ ಹಾಯುವಾಗ ಚಾಚಾ ಕರೆದರು. "ಬಾ ಬೇಟಿ. ನಿಮ್ಮ ಕಾಕಾನ ಬಲ್ಬು ಬಂದಮ್ಯಾಲ ನನ್ನ ಕಂದೀಲಕ್ಕ ಬರ್ಕತ್ತು ಬಂದೈತಿ. ಬಲ್ಬು ಹತ್ತೇತೋ ಆರೇತೋ ನೋಡಾಕ ಕಂದೀಲ ಹಿಡೀಬೇಕಲ್ಲ!"

ಕಾಕಾನ ಅಂಗಡಿ ಮುಳುಗಲಿಲ್ಲ. ಅದಕ್ಕೆ ನಮ್ಮ ಹಾಳೆ ಕಾರಣವಲ್ಲ. ಬಲ್ಬು ಹಿಡಿದು ಅಡ್ಡಾಡುವ ಜನಕ್ಕೆ ವೈರು ಬೇಕಾಯಿತು, ಮೊಳಗಟ್ಟಲೆ, ಮಾರುಗಟ್ಟಲೆ. ಹಾಳೆಯಲ್ಲಿ ವೈರು ಎಂಬ ಶಬ್ದವೇ ಇಲ್ಲ. ಅದರಲ್ಲಿ ಇಲ್ಲದ ಒಂದೇ ವಸ್ತು ಮಾರಾಟವಾಯಿತು. ಕಾಕಾ ಕೋಲು ಹಿಡಿಯುತ್ತಿದ್ದ ಕೈಯಲ್ಲಿ ಗಜಕಡ್ಡಿ ಹಿಡಿದು ವೈರು ಅಳೆದ. ಪಗಾರದಷ್ಟು ಬರುತ್ತಿರಲಿಲ್ಲ. ಕೆಲವು ಸಂಜೆ ಸಾಲೆ ಬಿಟ್ಟ ಹುಡುಗರು ಅಂಗಡಿಯ ಮುಂದೆ ಹಾಯುವಾಗ ಅವನು ಅಳೆಯುವುದನ್ನು ನಿಲ್ಲಿಸಿ, ಮಗ್ಗಿ ತಪ್ಪು ಹೇಳಿದವನನ್ನು ಕರೆದು ತಿದ್ದುತ್ತಿದ್ದ. ಗಿರಾಕಿ ಕಾಯುತ್ತಿದ್ದ. ಆ ವರ್ಷದ ವರ್ಗದ ಯಾದಿಯಲ್ಲಿ ಅವನ ಹೆಸರು ಇರಲೇ ಇಲ್ಲವೆಂದು ಆಮೇಲೆ ಯಾರೋ ಹೇಳಿದರು. ನಿಜವೋ, ನೋಯಿಸಲು ಹೇಳಿದ್ದೋ. ಕಾಕು ಅದನ್ನು ಕೇಳಿಸಿಕೊಂಡೇ ರೊಟ್ಟಿ ಬಡಿಯುತ್ತ ಕೂತಳು.

ಹಾಳೆಯ ಬಗ್ಗೆ ಕಾಕಾನನ್ನು ಒಮ್ಮೆ ಕೇಳಿದ್ದೇನೆ. "ನಾ ಪೆನ್ಸಿಲ್ ಮುಟ್ಟಿಲ್ಲ" ಎಂದ. ಮಕ್ಕಳ ಕಾಪಿ ಹಿಡಿಯುವ ಮಾಸ್ತರನ ಮುಖ ಇಟ್ಟುಕೊಂಡೇ ಹೇಳಿದ, ನಂಬಿದೆ. ಹಾಗಾದರೆ ಉಳಿಯುವವರು ಇಬ್ಬರು. ರಾತ್ರಿ ನೀರು ಕುಡಿಯಲು ಎದ್ದಿದ್ದೆ ಎಂಬುದು ನೆನಪಿದೆ. ಗೂಡು ನೀರಿನ ಕೊಡದ ಮೇಲೆಯೇ ಇತ್ತು. ನನ್ನನ್ನು ಓದಿಸಿದವನ ಗುನುಗು ಕಿವಿಯಲ್ಲಿತ್ತು. ಆದರೆ ಇದೇ ನೆನಪನ್ನು ನಾನು ಎಷ್ಟು ಸಲ ತಿರುವಿಹಾಕಿದ್ದೇನೆಂದರೆ, ಕೊಡದ ತಣ್ಣನೆಯ ಅಂಚು ನಿಜವೋ ಆಮೇಲೆ ಸೇರಿಸಿದ್ದೋ ಗೊತ್ತಾಗುವುದಿಲ್ಲ.

ಕಳೆದ ತಿಂಗಳು ಇಂಡಿಗೆ ಹೋಗಿದ್ದೆ. ಟ್ರಂಕು ಪಡಸಾಲೆಯಲ್ಲಿದೆ, ಮೇಲೆ ಕೌದಿ ಹಾಸಿ ಬಂದವರನ್ನು ಕೂಡಿಸುತ್ತಾರೆ. ಹಗ್ಗ ಯಾವತ್ತೋ ಬಾವಿಯ ಕೊಡಕ್ಕೆ ಹೋಯಿತು. ಕಾಕು ನನಗೊಂದು ಕುಪ್ಪಸದ ಖಣ ಕೊಡಲು ಮುಚ್ಚಳ ಪೂರಾ ತೆರೆದಳು. ತಳದಲ್ಲಿ, ಸೀರೆಗಳ ಕೆಳಗೆ, ನಾಲ್ಕು ಮಡಿಕೆಯ ಈ ಹಾಳೆ ಇತ್ತು. ನಾನು ತೆಗೆದುಕೊಂಡೆ. ಆಕೆ ಬೇಡ ಎನ್ನಲಿಲ್ಲ.

ಹೊರಗೆ ಕತ್ತಲಾಗುತ್ತಿತ್ತು. ಕಾಕು ಎದ್ದು ಸ್ವಿಚ್ಚು ಒತ್ತಿ, ಗೋಡೆಯ ತೂತಿನಲ್ಲಿ ಕೆಂಪಗಾದ ಬಲ್ಬಿಗೆ ಎಲ್ಲರಂತೆ ಕೈಮುಗಿದಳು. ಕೇಳಬಾರದ ಹೊತ್ತು ಅದು. ಆ ಹೊತ್ತಿನಲ್ಲಿ ಯಾರ ಬಾಯಿಂದಲೂ 'ಇಲ್ಲ' ಹೊರಡುವುದಿಲ್ಲ ಎಂಬುದನ್ನು ನನಗೆ ಕಲಿಸಿದವಳೇ ಆಕೆ. ಅಷ್ಟು ಓದಿದರೂ ನಾನು ಮತ್ತೆ ಅದೇ ಹೊತ್ತಿನಲ್ಲೇ ಹಾಳೆ ಬಿಚ್ಚಿ ಕೇಳಿದೆ:

"ಕಾಕು, ಈ ನಾಕು ಬರದಾಕಿ ನೀನೋ, ನಾನೋ?"